ನಲವತ್ತೊಂದರ ಕೆಳಗೆ ನಲವತ್ತೆರಡು

ಮನೆಯಿಂದ,
ಮಾರ್ಚ್ ೮, ಶನಿವಾರ ಸಂಜೆ

ಪ್ರೀತಿಯ ಅಪ್ಪನಿಗೆ,

ಕಣ್ಣು ಹೇಗಿದೆ? ಎರಡನೇ ಆಪರೇಷನ್ ಆದಮೇಲೆ ನೀರು ಸೋರುವುದು ನಿಂತಿತೇ? ಕವುಚಿಕೊಂಡೇ ಮಲಗಬೇಕೆಂದು ಡಾಕ್ಟರು ಹೇಳಿದ್ದನ್ನು ಪಾಲಿಸುತ್ತಿದ್ದೀರೋ, ಇಲ್ಲ ತಂಗಿ ಅಡುಗೆಮನೆಗೆ ಹೋದ ಕೂಡಲೇ ಮಗ್ಗುಲಾಗಿ ಪೇಪರಿನ ದಪ್ಪಕ್ಷರ ಓದುತ್ತೀರೋ? ಈ ತಿಂಗಳ ಕೊನೆಯವರೆಗೂ ಓದು ಬರಹ ಇಲ್ಲ ಎಂದಿದ್ದಾರೆ, ನೆನಪಿರಲಿ. ಈ ಕಾಗದವನ್ನು ನಿಮಗೆ ಓದಿ ಹೇಳುವವಳು ತಂಗಿಯೇ. ಪುಟ್ಟೀ, ಬರೆದದ್ದನ್ನು ಬರೆದ ಹಾಗೆ ಓದು, ನಡುನಡುವೆ ನಿನ್ನ ಒಗ್ಗರಣೆ ಬೇಡ. ಜೊತೆಯಲ್ಲಿ ಮಡಿಸಿ ಅಂಟಿಸಿದ ಇನ್ನೊಂದು ಹಾಳೆ ಇದೆ. ಅದು ಅಪ್ಪ ತಾವೇ ಓದಬೇಕಾದದ್ದು. ಅಂಟು ಬಿಡಿಸಿದರೆ ನನಗೆ ಗೊತ್ತಾಗುತ್ತದೆ.

ನಾವೆಲ್ಲ ಚೆನ್ನಾಗಿದ್ದೇವೆ ಎಂದು ಬರೆಯಬೇಕು. ಬರೆದೆ. ನಿಜ ಹೇಳಬೇಕೆಂದರೆ ಒಂದು ತಿಂಗಳಿಂದ ನಾನು ಕಾಲಿಗೆ ಚಕ್ರ ಕಟ್ಟಿಕೊಂಡವಳ ಹಾಗೆ ತಿರುಗುತ್ತಿದ್ದೇನೆ. ಮಂಚವನ್ನು ಕಿಟಕಿಯ ಕಡೆಗೆ ಎಳೆದೆ, ಮತ್ತೆ ಗೋಡೆಗೆ ಸರಿಸಿದೆ. ಒಲೆಯ ಮೇಲೆ ಹಾಲಿಟ್ಟು ಮೂರು ಸಲ ಉಕ್ಕಿಸಿದೆ. ಈ ನಾಲ್ಕು ಸಾಲು ಬರೆಯುವುದರೊಳಗೆ ಎರಡು ಸಲ ಎದ್ದು ಹೋಗಿ ನೀರು ಕುಡಿದು ಬಂದೆ. ನಿಮ್ಮ ಅಳಿಯ ಮೊದಲು ಕಾರಣ ಕೇಳುತ್ತಿದ್ದರು, ಈಗ ಸುಮ್ಮನೆ ಹಾಲಿನ ಪಾತ್ರೆ ತೊಳೆದಿಡುತ್ತಾರೆ.

ಎಲ್ಲ ನಿಮ್ಮ ಶನಿವಾರದ ಕ್ಲಾಸಿನಿಂದ ಆದದ್ದು. "ಆರು ವಾರ ನೋಡಿಕೊ, ವಂಶಾವಳಿ ಹುಡುಕೋದು ಕಲಿಸೋದೇನು ಬ್ರಹ್ಮವಿದ್ಯೆಯಲ್ಲ" ಎಂದು ಹೇಳಿ ಕಣ್ಣಿನ ಆಪರೇಷನ್ನಿಗೆಂದು ತಂಗಿಯ ಊರಿಗೆ ಹೋದವರು ನೀವು. ಈಗ ಐದು ತಿಂಗಳಾಯಿತು. ಲೈಬ್ರರಿಯ ಆ ಮೇಲಿನ ಕೋಣೆ, ಅಲುಗಾಡುವ ಕುರ್ಚಿಗಳು, ಹನ್ನೊಂದು ಜನ ವಿದ್ಯಾರ್ಥಿಗಳು. ಅವರಲ್ಲಿ ಒಂಬತ್ತು ಜನ ನನಗಿಂತ ದೊಡ್ಡವರು. ಮೊದಲ ವಾರವೇ ನಿವೃತ್ತ ಹೆಡ್‌ಮಾಸ್ಟರು ಎದ್ದು ನಿಂತು, ತಮ್ಮ ಮನೆತನದಲ್ಲಿ ಒಬ್ಬ ಸೇನಾಪತಿ ಇದ್ದೇ ಇರಬೇಕು, ಅವನನ್ನು ಹುಡುಕಿಕೊಟ್ಟರೆ ಸಾಕು, ಉಳಿದವರು ಬೇಡ ಎಂದರು. ಹುಡುಕಿದೆವು. ಸಿಕ್ಕವನು ಸೇನೆಯ ಕುದುರೆಗಳಿಗೆ ಹುಲ್ಲು ಹಾಕುತ್ತಿದ್ದವನು. ಆ ದಿನ ಎಲ್ಲರೂ ಬಿದ್ದು ಬಿದ್ದು ನಕ್ಕರು, ಅವರೂ ನಕ್ಕರು. ನನಗೂ ಧೈರ್ಯ ಬಂತು. ಹಿಂದಿನ ದಿನ ನಿಮ್ಮ ನೋಟುಬುಕ್ಕಿನಲ್ಲಿ ಓದಿ, ಮಾರನೇ ದಿನ ಹುಟ್ಟಿನಿಂದ ಬಲ್ಲವಳ ಹಾಗೆ ಹೇಳುತ್ತಿದ್ದೆ. ಅರೆಬರೆ ಕಲಿತವಳ ಧೈರ್ಯ ಅದು. ಏಟು ಬಿದ್ದ ಮೇಲೆ ಗೊತ್ತಾಯಿತು.

ನೀವು ನೋಡದ ಒಬ್ಬ ವಿದ್ಯಾರ್ಥಿಯ ವಿಷಯ ಹೇಳಬೇಕು. ಲಾರಿ ಓಡಿಸುವವರು, ಐವತ್ತೆಂಟು ವಯಸ್ಸು. ನೀವು ಹೋದ ಮೂರನೇ ವಾರ ಸೇರಿದರು. ನಾಲ್ಕನೇ ವಯಸ್ಸಿನಲ್ಲಿ ಅನಾಥಾಲಯಕ್ಕೆ ಸೇರಿಸಿದ್ದರಂತೆ. ತಾಯಿ ಆಗಲೇ ಇರಲಿಲ್ಲ, ಬಿಟ್ಟು ಹೋದ ತಂದೆಯೂ ಮರು ವರ್ಷ ತೀರಿಕೊಂಡ. ಅವರ ಕೈಯಲ್ಲಿ ಇದ್ದದ್ದು ಅನಾಥಾಲಯದ ಪುಸ್ತಕದಿಂದ ಬರೆಸಿಕೊಂಡ ಒಂದು ಚೀಟಿ: ತಂದೆಯ ಹೆಸರು, ತಾತನ ಹೆಸರು, ಇದೇ ಊರು ಎಂಬ ಮಾತು. ಚೀಟಿಯನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟು, ಕವರನ್ನು ಲೈಸೆನ್ಸಿನ ಜೊತೆ ಇಟ್ಟುಕೊಂಡಿದ್ದರು. "ಮೇಡಂ, ನಂಗೆ ಸೇನಾಪತಿ ಬೇಡ. ಒಬ್ಬರು ಯಾರಾದ್ರೂ ಸಾಕು" ಎಂದರು.

ದಾಖಲೆ ಕಚೇರಿಯ ಜನನ ರಿಜಿಸ್ಟರಿನಲ್ಲಿ ಅವರ ತಂದೆಯನ್ನು ಹುಡುಕಿದೆವು. ಮೂಲ ಪುಸ್ತಕಗಳು ಪುಡಿಪುಡಿಯಾಗುತ್ತಿವೆಯೆಂದು ಹಿಂದೆ ಗುಮಾಸ್ತರಿಂದ ನಕಲು ಮಾಡಿಸಿದ್ದರಲ್ಲ, ನಮಗೆ ಕೊಡುವುದು ಆ ನಕಲುಗಳನ್ನೇ. ಎರಡೇ ಗಂಟೆಯಲ್ಲಿ ಸಿಕ್ಕಿತು! ಅದೇ ಹೆಸರು, ತಾತನ ಹೆಸರೂ ಅದೇ, ಗಿರಣಿಯ ಕೆಲಸಗಾರನ ಮಗ, ವಾಸ ಗಿರಣಿ ಸಾಲುಮನೆ. ನಾವಿಬ್ಬರೂ ಆ ಕ್ಷಣವೇ ಬಸ್ಸು ಹತ್ತಿ ಹೋದೆವು. ಸಾಲುಮನೆಯ ಮೂಲೆಯ ಕ್ಷೌರದಂಗಡಿಯವನು ಹೆಸರು ಕೇಳಿದ ಕೂಡಲೇ, "ಅಯ್ಯೋ, ಹೊಲಿಗೆ ಅಜ್ಜಿಯ ಅಣ್ಣ ಅಲ್ವಾ? ಮನೆ ಬಿಟ್ಟು ಹೋದವನು" ಎಂದ.

ಹೊಲಿಗೆ ಅಜ್ಜಿಗೆ ಎಪ್ಪತ್ತೆಂಟು. ಒಂದೇ ಕೋಣೆ, ಕಾಲಿನಿಂದ ತುಳಿಯುವ ಮಿಷಿನ್ನು, ಗೋಡೆಗೆ ಹೊಡೆದ ಮೊಳೆಯಲ್ಲಿ ಕಾಗದದ ಅಳತೆಗಳು. ಅಣ್ಣ ಇಪ್ಪತ್ತನೇ ವಯಸ್ಸಿನಲ್ಲಿ ಅಪ್ಪನ ಜೊತೆ ಜಗಳ ಮಾಡಿ ಹೋದವನು, ತಿರುಗಿ ಬರಲಿಲ್ಲ. ಅಣ್ಣ ಬಂದರೆ ಮನೆ ಗುರುತು ಸಿಗಲಿ ಎಂದು ಅಜ್ಜಿ ಅಲ್ಲಿಂದ ಕದಲಿಲ್ಲ. ಡ್ರೈವರನ್ನು ಬಾಗಿಲಲ್ಲಿ ನಿಲ್ಲಿಸಿ, ಕನ್ನಡಕ ಏರಿಸಿ ಇಳಿಸಿ ನೋಡಿದರು. "ಮೂಗು ನಮ್ಮಣ್ಣಂದೇ" ಎಂದು ಅತ್ತರು. ಆಮೇಲೆ ಕಣ್ಣೊರೆಸಿಕೊಂಡು ಒಂದು ಮಾತು ಕೇಳಿದರು: "ಆದ್ರೆ ನಮ್ಮಪ್ಪನ ಹೆಸರು ಅದಲ್ಲವಲ್ಲಮ್ಮ?"

ಅಲ್ಲೇ ನಿಲ್ಲಬೇಕಿತ್ತು ಅಪ್ಪ. ಹೆಸರು ಹೊಂದಿದ ಕೂಡಲೇ ಕುಣಿಯಬೇಡ, ಹೊಂದದೇ ಇರುವುದನ್ನು ಹುಡುಕು ಎಂದು ನಿಮ್ಮ ನೋಟುಬುಕ್ಕಿನ ಮೊದಲ ಪುಟದಲ್ಲೇ ಇದೆ. ನಾನು ಕ್ಲಾಸಿನಲ್ಲಿ ಹೇಳುವ ಗತ್ತಿನಲ್ಲಿ, "ಮನೇಲಿ ಕರೆಯೋದು ಒಂದು, ದಾಖಲೇಲಿ ಬರೆಸೋದು ಇನ್ನೊಂದು, ಆ ಕಾಲದಲ್ಲಿ ಹಾಗೇ ಅಜ್ಜಿ" ಎಂದುಬಿಟ್ಟೆ. ಅಜ್ಜಿಗೂ ಅದೇ ಬೇಕಿತ್ತು, ಡ್ರೈವರಿಗೂ ಅದೇ ಬೇಕಿತ್ತು. ನನಗಂತೂ ಇನ್ನೂ ಹೆಚ್ಚಾಗಿ ಬೇಕಿತ್ತು.

ಆಮೇಲಿನ ಮೂರು ತಿಂಗಳು ನೋಡುವ ಹಾಗಿತ್ತು. ಆ ಮನುಷ್ಯ ಐವತ್ತೆಂಟನೇ ವಯಸ್ಸಿನಲ್ಲಿ ಮೊದಲ ಸಲ ಒಬ್ಬರನ್ನು "ಅತ್ತೆ" ಎಂದು ಕರೆಯುವುದನ್ನು ಕಲಿತರು. ಪ್ರತಿ ಭಾನುವಾರ ಹೋಗುವುದು, ಸೋರುವ ಮಾಡಿಗೆ ತಗಡು ಹೊದಿಸುವುದು, ಅಜ್ಜಿಯನ್ನು ಮೊಣಕಾಲಿನ ಡಾಕ್ಟರ ಹತ್ತಿರ ಲಾರಿಯಲ್ಲೇ ಕೂರಿಸಿಕೊಂಡು ಹೋಗುವುದು. ಅಜ್ಜಿ ಎರಡು ಅಂಗಿ ಹೊಲಿದುಕೊಟ್ಟರು. ಅದರಲ್ಲಿ ಒಂದರ ಕೊರಳು ಬಿಗಿ, ಆದರೂ ಅದನ್ನೇ ಹಾಕಿಕೊಂಡು ಕ್ಲಾಸಿಗೆ ಬರುತ್ತಿದ್ದರು. ಇನ್ನೊಂದು ಕಡೆ ಅಜ್ಜಿ, ಅಣ್ಣ ಐವತ್ತು ವರ್ಷದ ಹಿಂದೆಯೇ ಸತ್ತನೆಂದು ನಂಬಿ ಅವನ ಹಳೆಯ ಫೋಟೋವನ್ನು ಮಿಷಿನ್ನಿನ ಮೇಲಿನ ಗೋಡೆಗೆ ತೂಗುಹಾಕಿದರು. ಇಷ್ಟು ವರ್ಷ ಅದು ಪೆಟ್ಟಿಗೆಯಲ್ಲಿತ್ತು.

ಕಳೆದ ತಿಂಗಳು, ಹಳೆಯ ಬರವಣಿಗೆ ಓದುವ ಪಾಠಕ್ಕೆ ಚಿತ್ರ ಬೇಕೆಂದು ಅನುಮತಿ ಪಡೆದು ಮೂಲ ಪುಸ್ತಕವನ್ನೇ ತೆಗೆಸಿದೆ. ನನ್ನ ಜಂಬದ ಪುಟವನ್ನೇ ತೆರೆದೆ. ನಲವತ್ತೊಂದನೇ ಸಾಲಿನಲ್ಲಿ ಡ್ರೈವರ ತಂದೆ. ತಾತನ ಹೆಸರು ಸರಿ, ಆದರೆ ತಾತ ಬಡಗಿ, ವಾಸ ಹಳೇ ಸೇತುವೆ ಬೀದಿ. ಅದರ ಕೆಳಗೆ ನಲವತ್ತೆರಡು: ಅದೇ ಹೆಸರಿನ ಇನ್ನೊಂದು ಗಂಡುಮಗು, ತಂದೆಯ ಹೆಸರು ಬೇರೆ, ಗಿರಣಿ ಕೆಲಸ, ಗಿರಣಿ ಸಾಲುಮನೆ. ನಕಲು ಮಾಡಿದವರ ಕಣ್ಣು ಅರ್ಧದಲ್ಲಿ ಮೇಲಿನ ಸಾಲಿನಿಂದ ಕೆಳಗಿನ ಸಾಲಿಗೆ ಜಾರಿದೆ. ಇಬ್ಬರು ಹುಡುಗರು ಸೇರಿ ಒಬ್ಬನಾಗಿದ್ದಾನೆ. ಅಜ್ಜಿ ಹೇಳಿದ ಅಪ್ಪನ ಹೆಸರು ನಲವತ್ತೆರಡರಲ್ಲಿ ಚೊಕ್ಕವಾಗಿ ಇತ್ತು. ನಾನು ಪುಸ್ತಕ ಮುಚ್ಚಿ ಮೆಟ್ಟಿಲ ಮೇಲೆ ಕೂತೆ. ಕೂರಲಾಗದೆ ಮನೆಯವರೆಗೂ ನಡೆದೇ ಬಂದೆ.

ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ. "ಅವರಿಬ್ಬರೂ ನೆಮ್ಮದಿಯಾಗಿದಾರೆ. ಇರಲಾರದೆ ಇರುವೆ ಬಿಟ್ಕೊಳ್ಳೋದು ಯಾಕೆ?" ಎಂದರು ನಿಮ್ಮ ಅಳಿಯ. ಅದೂ ಸರಿ ಎನಿಸಿ ಎರಡು ಶನಿವಾರ ಬಾಯಿ ಮುಚ್ಚಿಕೊಂಡು ಪಾಠ ಮಾಡಿದೆ. ಡ್ರೈವರು ಕ್ಲಾಸಿಗೆ ಬಂದರೆ ಅವರ ಕಡೆ ಬೆನ್ನು ಹಾಕಿ ಬೋರ್ಡಿನ ಮೇಲೆ ಬರೆಯುತ್ತಲೇ ಇರುತ್ತಿದ್ದೆ. ಆದರೆ ಆ ಫೋಟೋ ಬಿಡಲಿಲ್ಲ. ಸತ್ತವನು ಡ್ರೈವರ ಅಪ್ಪ. ಅಜ್ಜಿಯ ಅಣ್ಣ ಸತ್ತನೆಂದು ಯಾವ ಕಾಗದದಲ್ಲಿದೆ? ಎಣಿಸಿ ನೋಡಿದೆ: ಬದುಕಿದ್ದರೆ ಅವನಿಗೆ ಎಂಬತ್ತೈದು. ಎಲ್ಲೋ ಒಂದು ಜಗುಲಿಯಲ್ಲಿ ಕೂತಿರಬಹುದಾದ ಮನುಷ್ಯನನ್ನು ನಾನು ಕೈಯಾರೆ ಗೋಡೆಗೆ ತೂಗುಹಾಕಿಸಿದ್ದೆ.

ಮೊದಲು ಡ್ರೈವರಿಗೆ ಹೇಳಿದೆ. ಲಾರಿ ಶೆಡ್ಡಿನಲ್ಲಿ ಟೈರು ಬಿಚ್ಚುತ್ತಿದ್ದರು. ಮೂಲದ ಪುಟ, ನಕಲಿನ ಪುಟ ಎರಡರ ಚಿತ್ರವನ್ನೂ ತೋರಿಸಿ, ತಪ್ಪು ನನ್ನದು ಎಂದೆ. ಎಣ್ಣೆ ಕೈಯಾದ್ದರಿಂದ ಮುಟ್ಟದೆ, ಬಗ್ಗಿ, ಎರಡೂ ಸಾಲನ್ನು ಎರಡು ಸಲ ಓದಿದರು. ಬಯ್ಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. "ಹಾಗಾದ್ರೆ ಭಾನುವಾರ ನಾನು ಹೋಗೋ ಹಾಗಿಲ್ವಾ ಮೇಡಂ?" ಎಂದರು. ಹಳೇ ಸೇತುವೆ ಬೀದಿಯಲ್ಲಿ ನಿಮ್ಮವರು ಯಾರಾದರೂ ಸಿಗಬಹುದು ಎಂದೆ. "ಸಿಗಬಹುದು" ಎಂದು ಮತ್ತೆ ಟೈರಿನ ಕಡೆ ತಿರುಗಿದರು.

ಮಾರನೇ ದಿನ ಇಬ್ಬರೂ ಅಜ್ಜಿಯ ಮನೆಗೆ ಹೋದೆವು. ಡ್ರೈವರು ಹೊಸ್ತಿಲು ದಾಟಲಿಲ್ಲ. ನಾನು ಹೇಳುವಷ್ಟು ಹೊತ್ತೂ ಅಜ್ಜಿ ಮಿಷಿನ್ನು ತುಳಿಯುವುದನ್ನು ನಿಲ್ಲಿಸಲಿಲ್ಲ. ಬಟ್ಟೆ ಮುಗಿದು ಬರೀ ಸೂಜಿ ಹೊಡೆಯುತ್ತಿತ್ತು. ಆಮೇಲೆ ಎದ್ದರು, ಸ್ಟೂಲು ಹತ್ತಿದರು. ಬೀಳುತ್ತಾರೇನೋ ಎಂದು ನಾನು ಹಿಡಿಯಹೋದರೆ ಕೈ ಕೊಡವಿದರು. ಫೋಟೋ ಇಳಿಸಿ, ಸೆರಗಿನಲ್ಲಿ ಒರೆಸಿ, ಎದೆಗೆ ಒತ್ತಿಕೊಂಡು, "ಸತ್ತಿಲ್ಲ ಅಂತಾಯ್ತು" ಎಂದರು. ನನಗೆ ಹೇಳಿದ್ದು ಒಂದೇ ಮಾತು: "ಅಪ್ಪನ ಹೆಸರು ಬೇರೆ ಅಂತ ನಾನು ಅವತ್ತೇ ಹೇಳಿದ್ದೆ. ಓದಿದವಳು ಅಂತ ನಿನ್ನ ಮಾತು ಕೇಳಿದೆ." ಬಾಗಿಲಲ್ಲಿ ನಿಂತವರನ್ನು ನೋಡದೆಯೇ, "ಈ ಭಾನುವಾರ ಬರಬೇಡಪ್ಪ. ನಾನು ಒಬ್ಬಳೇ ಇರ್ಬೇಕು" ಎಂದರು.

ಅದಾಗಿ ಎರಡು ವಾರ. ಇವತ್ತು ಕ್ಲಾಸಿನಲ್ಲಿ, ಯಾರ ಹೆಸರನ್ನೂ ಹೇಳದೆ, ಆ ಎರಡು ಸಾಲನ್ನು ಬೋರ್ಡಿನ ಮೇಲೆ ಬರೆದು ಪಕ್ಕದಲ್ಲಿ ನಕಲಿನ ಸಾಲು ಬರೆದೆ. ಕಣ್ಣು ಹೇಗೆ ಜಾರುತ್ತದೆ, ಮನಸ್ಸಿಗೆ ಬೇಕಾದದ್ದು ಸಿಕ್ಕರೆ ಕಲಿಸುವವರೂ ಹೇಗೆ ಕುರುಡಾಗುತ್ತಾರೆ ಎಂದು ಹೇಳುತ್ತಿದ್ದೆ. ಡ್ರೈವರು ಹಿಂದಿನ ಕುರ್ಚಿಯಲ್ಲಿ ತಲೆ ತಗ್ಗಿಸಿಕೊಂಡು ಬರೆದುಕೊಳ್ಳುತ್ತಿದ್ದರು. ಆಗ ಮೆಟ್ಟಿಲ ಮೇಲೆ ಯಾರೋ ಏದುಸಿರು ಬಿಡುವುದು ಕೇಳಿಸಿತು. ಹೊಲಿಗೆ ಅಜ್ಜಿ! ಆ ಮೊಣಕಾಲಿನಲ್ಲಿ ಮೂವತ್ತು ಮೆಟ್ಟಿಲು. ಕೈಯಲ್ಲಿ ಬಟ್ಟೆಯ ಚೀಲ, ಅದರೊಳಗೆ ಅಣ್ಣನ ಸ್ಕೂಲಿನ ಸರ್ಟಿಫಿಕೇಟು ಮತ್ತು ಆ ಫೋಟೋ. "ನನ್ನ ಅಣ್ಣನ್ನ ಕೊಂದವಳು ನೀನೇ. ಹುಡುಕಿಕೊಡೋಳೂ ನೀನೇ" ಎಂದು ಎಲ್ಲರೆದುರೇ ಹೇಳಿದರು. ಹೆಡ್‌ಮಾಸ್ಟರು ಬಾಯಿ ಬಿಟ್ಟುಕೊಂಡು ನೋಡಿದರು. ಡ್ರೈವರು ಓಡಿಬಂದು ಅಲುಗಾಡದ ಕುರ್ಚಿಯೊಂದನ್ನು ತಂದಿಟ್ಟು, "ಕೂತ್ಕೊಳ್ಳಿ ಅಮ್ಮಾವ್ರೇ" ಎಂದರು. ಅಜ್ಜಿ ನಿಂತೇ ಇದ್ದರು. "ಯಾವ ಅಮ್ಮಾವ್ರು? ಯಾರ ಮನೆ ಅಮ್ಮಾವ್ರು?" ಎಂದು ಕೇಳಿದರು. ಅವರು ಹೆಗಲ ಟವಲಿನಿಂದ ಕುರ್ಚಿ ಒರೆಸಿದರು. ಅಜ್ಜಿ ಕೂತರು. ಡ್ರೈವರು ಒಂದು ಕುರ್ಚಿ ಬಿಟ್ಟು ಕೂತರು. ನಡುವಿನ ಕುರ್ಚಿಯ ಮೇಲೆ ಅಜ್ಜಿ ಚೀಲ ಇಟ್ಟರು. ಪಾಠ ಮುಗಿದಾಗ ಅಣ್ಣನನ್ನು ಹುಡುಕಲು ಯಾವ ಯಾವ ಊರಿನ ಗಿರಣಿಗಳಿಗೆ ಹೋಗಬೇಕೆಂದು ಇಬ್ಬರೂ ಪಟ್ಟಿ ಮಾಡುತ್ತಿದ್ದರು. ಡ್ರೈವರಿಗೆ ದಾರಿಗಳೆಲ್ಲ ಗೊತ್ತಲ್ಲ. ಹಳೇ ಸೇತುವೆ ಬೀದಿಯನ್ನು ಆಮೇಲೆ ನೋಡಿದರಾಯಿತು ಎಂದರು.

ಇಷ್ಟು ಬರೆದ ಮೇಲೆ ಸ್ವಲ್ಪ ಹಗುರಾಯಿತು. ಪೂರ್ತಿ ಅಲ್ಲ. ಔಷಧಿ ಹೊತ್ತಿಗೆ ಸರಿಯಾಗಿ ಹಾಕಿಸಿಕೊಳ್ಳಿ, ತಂಗಿಯ ಮಾತು ಕೇಳಿ, ಅವಳ ಮಕ್ಕಳಿಗೆ ನನ್ನ ಮುದ್ದು. ನಿಮ್ಮ ಅಳಿಯ ನಿಮಗೆ ನಮಸ್ಕಾರ ತಿಳಿಸಿ ಎಂದು ಅಡುಗೆಮನೆಯಿಂದಲೇ ಕೂಗುತ್ತಿದ್ದಾರೆ. ಪುಟ್ಟೀ, ಇಲ್ಲಿಗೆ ನಿಲ್ಲಿಸು.

ಕಾಲಿಗೆರಗುವ,
ನಿಮ್ಮ ದೊಡ್ಡ ಮಗಳು

(ಬೇರೆ ಹಾಳೆ. ಅಪ್ಪನಿಗೆ ಮಾತ್ರ, ಓದಬಹುದೆಂದು ಡಾಕ್ಟರು ಹೇಳಿದ ಮೇಲೆ.)

ಮರೆತ ಮಾತಲ್ಲ ಅಪ್ಪ, ಮೇಲೆ ಬರೆಯಲಾಗದ ಮಾತು. ಇವತ್ತು ಹೆಡ್‌ಮಾಸ್ಟರು, "ಆ ನಕಲು ಮಾಡಿದ ಮಹಾನುಭಾವ ಯಾರು?" ಎಂದು ಕೇಳಿದರು. ನೋಡಬೇಕು ಎಂದೆ. ಸುಳ್ಳು ಹೇಳಿದೆ. ಆ ಅಕ್ಷರ ನಿಮ್ಮದು. ನನಗೆ ಅಕ್ಷರ ತಿದ್ದಿಸಿದ ಕೈ ಅದು; ಮೊದಲ ಸಲ ಹೆಸರು ಸಿಕ್ಕ ಸಂಭ್ರಮದಲ್ಲಿ ಗಮನಿಸಿರಲಿಲ್ಲ, ನಕಲನ್ನು ಮತ್ತೆ ನೋಡಿದ ಕ್ಷಣವೇ ಗೊತ್ತಾಯಿತು. ಪುಟದ ಕೆಳಗೆ ತಾರೀಖು ಇತ್ತು. ನಾನು ಆಗ ಮೂರನೇ ಕ್ಲಾಸು, ನೀವು ಆ ಕಚೇರಿಯ ಗುಮಾಸ್ತರು. ನಿಮಗೆ ಜ್ವರವೋ, ಅಮ್ಮನಿಗೆ ಹುಷಾರಿಲ್ಲವೋ, ಮನೆಯಲ್ಲಿ ಏನಾದರೂ ಆಗಿತ್ತೇ ಎಂದು ತುಂಬ ಹುಡುಕಿದೆ, ಚಿಕ್ಕಮ್ಮನನ್ನೂ ಕೇಳಿದೆ. ಏನೂ ಆಗಿರಲಿಲ್ಲ. ಬರೀ ಒಂದು ಬುಧವಾರ. ಕಚೇರಿಯವರು ತಿದ್ದುಪಡಿಯ ಫಾರಂ ಕೊಟ್ಟಿದ್ದಾರೆ, ಇದರ ಜೊತೆ ಇದೆ. ನಕಲು ಮಾಡಿದವರು ಬದುಕಿದ್ದರೆ ಅವರೇ ಸಹಿ ಹಾಕಬೇಕು. ಯಾರೆಂದು ತಿಳಿಯದಿದ್ದರೆ "ತಿಳಿದಿಲ್ಲ" ಎಂದು ಬರೆಯಲು ಪಕ್ಕದಲ್ಲೇ ಒಂದು ಜಾಗ ಬಿಟ್ಟಿದ್ದಾರೆ. ಮೂರು ದಿನದಿಂದ ಪೆನ್ನು ಹಿಡಿದು ಕೂರುತ್ತೇನೆ, ಏಳುತ್ತೇನೆ. ಅದನ್ನು ಬರೆಯಲು ನನ್ನಿಂದ ಆಗಲಿಲ್ಲ ಅಪ್ಪ. ನೀವು ನೋಡಿ.