ಬೇರೆ ಊರಿಲ್ಲದ ಕಪ್ಪೆ

ಮಗಳೇ ಗಿರಿಜಾ,

ಈ ಕಾಗದವನ್ನು ಶಾಲೆಯ ಅಂಗಳದಲ್ಲಿ, ನಿನ್ನ ಹೆಸರಿನಲ್ಲಿ ಸೇರಿರುವ ಜನರ ಎದುರಿಗೇ ಓದುತ್ತಿದ್ದೇನೆ. ಮಧುಗಿರಿ, ಕೊರಟಗೆರೆ, ಶಿರಾಗಳಿಂದ ಬಸ್ಸು ಹಿಡಿದು ಬಂದವರಿಗೆ ನನ್ನ ವಂದನೆಗಳು. ಅವರ ಸಂತಾಪವನ್ನು ಮಾತ್ರ ಸ್ವೀಕರಿಸಲಾರೆ. ಸಂತಾಪ ನುಡಿದ ಬಾಯಿಗಳೇ ನಾಳೆ ಬೆಳಿಗ್ಗೆ ನಿನ್ನ ಬಂಡೆಯ ಪಾಚಿ ಕೆರೆದು ಗಾರೆ ಬಳಿಯಲು ಆಳುಗಳನ್ನು ಗೊತ್ತುಮಾಡಿವೆ. ನಿನ್ನ ಸ್ಮಾರಕವಂತೆ!

ಮೈಸೂರಿನ ಕಾಲೇಜಿನಿಂದ ರಜೆಗೆ ಬಂದಿದ್ದ ನೀನು ಒಂದು ಸಂಜೆ ಒದ್ದೆ ಮುತ್ತುಗದ ಎಲೆಯಲ್ಲಿ ಏನನ್ನೋ ಹಿಡಿದು ತಂದೆ. ಉದ್ದ ಬಾಲ, ಬೆರಳಿನಷ್ಟೂ ಇಲ್ಲದ ಮೈ. ‘ಹಲ್ಲಿಮರಿ’ ಎಂದೆ ನಾನು. ನೀನು ನಕ್ಕೆ. “ಹಲ್ಲಿ ಅಲ್ಲಪ್ಪ, ಕಪ್ಪೆಯ ಗೊದಮೊಟ್ಟೆ. ನೀರೊಳಗೆ ಈಜೋದಿಲ್ಲ, ಜಿನುಗೋ ಬಂಡೆಗೆ ಅಂಟ್ಕೊಂಡೇ ಬೆಳೆಯುತ್ತೆ.” ಮಧುಗಿರಿ ಬೆಟ್ಟ, ಮಿಡಿಗೇಶಿ, ಪಾವಗಡದ ಕೋಟೆ, ಎಲ್ಲೆಡೆ ಎರಡು ವರ್ಷ ಹುಡುಕಿದ್ದೆಯಲ್ಲ? ಎಲ್ಲಿಯೂ ಇರಲಿಲ್ಲ. ನಮ್ಮ ಹೊಲದ ಮೇಲಿನ ಆ ಒಂದು ಬಂಡೆಯಲ್ಲಿ ಮಾತ್ರ. ಬನ್ನಿ ತೋರಿಸುತ್ತೇನೆ ಎಂದು ನೀನು ಕರೆದೆ. ನನಗೆ ಪುರುಸೊತ್ತಿರಲಿಲ್ಲ.

ಅದೇ ರಜೆಯಲ್ಲಿ, ಊಟದ ಹೊತ್ತಿಗೆ, ಪಟೇಲರು ಆ ಬಂಡೆಗೆ ತೊಟ್ಟಿ ಕಟ್ಟುವುದನ್ನು ತಡೆಯಿರಿ ಎಂದು ನೀನು ಕೇಳಿದೆ. ಕಾಲೇಜಿನ ಚರ್ಚಾಕೂಟಗಳಲ್ಲಿ ಎದುರಾಳಿಗಳ ಬಾಯಿ ಮುಚ್ಚಿಸಿದ್ದ ನಾನು ಮಗಳನ್ನು ಬಿಟ್ಟೇನೆ? ಕೆಳಗೇರಿಯವರು ಕುಡಿಯುವುದೇ ಆ ನೀರು. ಜನರ ದಾಹ ದೊಡ್ಡದೋ, ನಿನ್ನ ಕಪ್ಪೆ ದೊಡ್ಡದೋ ಎಂದು ಗುಡುಗಿದೆ. ನೀನು ಕೈತೊಳೆಯಲು ಎದ್ದೆ. “ವಾದ ನೀವೇ ಗೆದ್ರಿ ಅಪ್ಪ. ಆದ್ರೆ ಅವರು ಬರದ ಹಾಗೆ ನಮ್ಮ ಬಾವಿಗೆ ಬೀಗ ಇದೆ. ಈ ಕಪ್ಪೆಗೆ ಬೇರೆ ಊರಿಲ್ಲ.”

ನೀನು ತೀರಿಕೊಂಡ ಹನ್ನೊಂದನೆಯ ದಿನ ಪಟೇಲರು ಒಪ್ಪಿಗೆಯ ಕಾಗದ ಹಿಡಿದು ಬಂದರು. “ಆ ಬಂಡೆ ಪಾಚಿ ನೀರೇ ಕಣ್ ಸ್ವಾಮಿ ಮಗೀನ ತಿಂದಿದ್ದು. ಪಾಚಿ ಕೆರೆದು ಗಾರೆ ಬಳಿದ್ಬುಡಾನ, ತೊಟ್ಟಿ ಕಟ್ಟಿ ಅದ್ರ ಮ್ಯಾಲೆ ಹೆಸ್ರು ಕೆತ್ತಿಸಾನ. ನಿಮ್ ಜಮೀನಲ್ವಾ, ಒಂದು ರುಜು ಹಾಕ್ಬುಡಿ.” ಹಾಕಿದೆ. ದುಃಖದಿಂದಲೇ? ಅಲ್ಲ. ನನಗೊಬ್ಬ ಅಪರಾಧಿ ಬೇಕಾಗಿತ್ತು, ಬಂಡೆ ಎದುರು ಮಾತಾಡುವುದಿಲ್ಲ. ಬಂಡೆಗೆ ಹೋಗುವಾಗ ನೀನು ಮನೆಯಿಂದ ಕಾಯಿಸಿದ ನೀರನ್ನೇ ಒಯ್ಯುತ್ತಿದ್ದೆ ಎಂಬುದು, ನಿನ್ನನ್ನು ತಿಂದ ಜ್ವರ ಬಂದದ್ದು ದೂರದ ಮೈಸೂರಿನಲ್ಲಿ ಎಂಬುದು ನನಗೆ ಗೊತ್ತಿರಲಿಲ್ಲವೇ?

ನಿನ್ನೆ ಅಳತೆಗೆಂದು ಶಿರಾದ ಗಾರೆಮೇಸ್ತ್ರಿ ಇಮಾಮ್ ಸಾಬರು ಬಂದಾಗ, ಮೊದಲ ಬಾರಿಗೆ ಬಂಡೆಯವರೆಗೆ ಹತ್ತಿದೆ. ಮಳೆ ಬಿದ್ದಿತ್ತು. ಒದ್ದೆ ಕಲ್ಲಿನ ತುಂಬ ನಿನ್ನ ಗೊದಮೊಟ್ಟೆಗಳು, ಗಿರಿಜಾ. ಕೆಲವಕ್ಕೆ ಕಾಲು ಮೂಡಿತ್ತು. ಮೇಸ್ತ್ರಿಗಳು ಅಳತೆಗಾಗಿ ಪಾಚಿ ಕೆರೆಯಲು ಕರಣೆ ಎತ್ತಿದವರು ಹಾಗೆಯೇ ನಿಂತರು. “ಅರೆ, ಇವು ಓಡೋದೇ ಇಲ್ವಲ್ಲ ಸ್ವಾಮಿ. ಎಲ್ಲಿಗೆ ಅಟ್ಟಲಿ?” ಅಳತೆ ಬೇಡವೆಂದು ಅವರನ್ನು ಕೆಳಗೆ ಕರೆದುಕೊಂಡು ಬಂದೆ.

ಈಗ ಸಭೆಯವರೂ ಕೇಳಿಸಿಕೊಳ್ಳಲಿ. ನನ್ನ ರುಜು ಇದ್ದ ಕಾಗದವನ್ನು ಇಂದು ಬೆಳಿಗ್ಗೆ ಪಟೇಲರ ಮನೆಯಿಂದ ತಂದು ಒಲೆಗೆ ಹಾಕಿದೆ. ಆ ಬಂಡೆಗೆ ಗಾರೆಯಿಲ್ಲ, ತೊಟ್ಟಿಯಿಲ್ಲ, ನಿನ್ನ ಹೆಸರಿನ ಕಲ್ಲೂ ಇಲ್ಲ. ಜನರ ದಾಹದ ಮಾತನ್ನು ಎತ್ತಿದವನು ನಾನು. ಅದಕ್ಕೆ ನಾನೇ ಉತ್ತರ ಕೊಡುತ್ತೇನೆ. ನಮ್ಮ ಹಿತ್ತಲಿನ ಸಿಹಿನೀರ ಬಾವಿಯ ಬೀಗ ತೆಗೆದಿದ್ದೇನೆ. ಕೆಳಗೇರಿಯವರು ನಾಳೆಯಿಂದ ಅಲ್ಲಿಯೇ ಸೇದಿಕೊಳ್ಳಲಿ, ಅವರದೇ ಹಗ್ಗ, ಅವರದೇ ಕೊಡ. ಯಾರನ್ನೂ ಕೇಳಿಲ್ಲ, ನಿನ್ನ ತಾಯಿಯನ್ನೂ. ಇನ್ನು ಮುಂದೆ ನಮ್ಮ ಮನೆಯ ನೀರು ಮುಟ್ಟಲಾರದವರು ಈಗಲೇ ಎದ್ದು ಹೋಗಬಹುದು. ಮಧುಗಿರಿಯ ಕೊನೆಯ ಬಸ್ಸು ಇನ್ನೂ ಹೊರಟಿಲ್ಲ.