ಪಾಣಿಪತ್ತಿನ ಒಲೆಗಳು

ದ್ವಾರಕಾ,
೨೨ ಜನವರಿ ೨೦೨೫

ಮಾನ್ಯ ಇತಿಹಾಸತಜ್ಞ ಸುದರ್ಶನ್ ಅವರಿಗೆ, ಕಾನೂನಿನ ಪ್ರಕಾರ ಇನ್ನೂ ನಿಮ್ಮ ಹೆಂಡತಿಯಾಗಿರುವ ಧಾರಿಣಿಯ ನಮಸ್ಕಾರ.

ಫೋನಿನಲ್ಲಾದರೆ ನಡುವೆ ಬಾಯಿ ಹಾಕುತ್ತೀರಿ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಭಾನುವಾರ ಪಾಣಿಪತ್ತಿನಲ್ಲಿ ನಾನು ಆಡಿದ್ದೆಲ್ಲ ಸುಳ್ಳು, ಸಿಟ್ಟಿನಲ್ಲಿ ಬಾಯಿ ತಪ್ಪಿ ಬಂತು ಎಂದು ನಿಮ್ಮ ಪ್ರವಾಸದ ವಾಟ್ಸಾಪ್ ಗುಂಪಿಗೆ ಬರೆದು ಹಾಕಬೇಕಂತೆ. ಇಲ್ಲದಿದ್ದರೆ ಮುಂದಿನ ತಿಂಗಳ ನಿಮ್ಮ ಪುಸ್ತಕ ಬಿಡುಗಡೆಗೆ ಯಾರೂ ಬರುವುದಿಲ್ಲವಂತೆ. ನಾನು ಬರೆಯುವುದಿಲ್ಲ.

ಇತಿಹಾಸ ತೋರಿಸಲೆಂದು ನೀವು ಜನರನ್ನು ಪಾಣಿಪತ್ತಿಗೆ ಕರೆದೊಯ್ದ ಆ ಬಸ್ಸಿಗೆ ನಾನು ತಮಾಷೆಗೆ ಹತ್ತಿದವಳಲ್ಲ. ಅತ್ತೆಯನ್ನು ಕರೋಲ್ ಬಾಗಿನ ನಿಮ್ಮ ಅಕ್ಕ ಲೀಲಾ ಮನೆಗೆ ಸಾಗಿಸಿ, ನನ್ನನ್ನು ಇಲ್ಲಿ ಬಿಟ್ಟು ಗುರುಗ್ರಾಮ ಸೇರಿದವರು ಊರಿಗೆಲ್ಲ ಏನು ಪಾಠ ಹೇಳುತ್ತೀರಿ ಎಂದು ನೋಡಬೇಕಿತ್ತು. ಯುದ್ಧಸ್ಮಾರಕದ ಮುಂದೆ ಚೆನ್ನಾಗಿಯೇ ಹೇಳಿದಿರಿ. ಮರಾಠರ ಪಾಳೆಯದಲ್ಲಿ ಸಂಜೆ ಅಷ್ಟೊಂದು ಒಲೆಗಳು ಉರಿಯುವುದನ್ನು ಶತ್ರು ಕಂಡನಂತೆ. ಒಬ್ಬರು ಮುಟ್ಟಿದ್ದನ್ನು ಇನ್ನೊಬ್ಬರು ಉಣ್ಣುವುದಿಲ್ಲ ಎಂದು ತಿಳಿದು, ಒಟ್ಟಿಗೆ ಉಣ್ಣದವರು ಒಟ್ಟಿಗೆ ಹೇಗೆ ಕಾದಾಡುತ್ತಾರೆ ಎಂದು ನಕ್ಕನಂತೆ. ಇದು ಜನ ಹೇಳುವ ಕಥೆ, ದಾಖಲೆಯಿಲ್ಲ ಎಂದೂ ಸೇರಿಸಿದಿರಿ. ಬಹಳ ಪ್ರಾಮಾಣಿಕರು ನೀವು. ಆಮೇಲೆ ಕಣ್ಣು ಒದ್ದೆ ಮಾಡಿಕೊಂಡು, ಮಡಿ ಮೈಲಿಗೆ ನಮ್ಮ ಮನೆಗಳಲ್ಲಿ ಪುಣ್ಯಕ್ಕೆ ಅಜ್ಜಿಯರ ಕಾಲಕ್ಕೇ ಮುಗಿಯಿತು ಎಂದಿರಿ. ಜನ ಚಪ್ಪಾಳೆ ತಟ್ಟಿದರು. ನನ್ನ ಮೈ ಉರಿದುಹೋಯಿತು.

ಎಲ್ಲರಿಗೂ ಅರ್ಥವಾಗಲಿ ಎಂದೇ ಹಿಂದಿಯಲ್ಲಿ ಹೇಳಿದೆ. ದ್ವಾರಕಾದ ನಮ್ಮ ಬಾಲ್ಕನಿಯಲ್ಲೂ ಒಂದು ಒಲೆ ಇದೆ, ಬೇರೆ ಜಾತಿಯಿಂದ ಬಂದ ಸೊಸೆಯೆಂದು ಮದುವೆಯಾದಾಗಿನಿಂದ ನಾನು ಅದರಲ್ಲೇ ಬೇಯಿಸಿಕೊಂಡು ಒಬ್ಬಳೇ ಉಂಡಿದ್ದೇನೆ ಎಂದೆ. ಅದೆಲ್ಲ ತಾಯಿಯ ಮಡಿ, ವಯಸ್ಸಾದವರಿಗೆ ಏನು ಹೇಳಲಿ ಎಂದು ನೀವು ತೊದಲಿದಿರಿ. ಆಗ ಮುನಿರ್ಕಾದಿಂದ ಬಂದಿದ್ದ ವಿದ್ಯಾರ್ಥಿನಿಯೊಬ್ಬಳು, ಅಚ್ಛಾ ಸರ್, ನೀವು ಯಾವ ಒಲೆಯ ಊಟ ಮಾಡುತ್ತಿದ್ದಿರಿ ಎಂದು ಕೇಳಿದಳು. ಬಸ್ಸು ಹೊರಡುವ ಹೊತ್ತಾಯಿತು, ಚಲೋ ಚಲೋ ಎಂದಿರಿ. ಆಗಿನ ನಿಮ್ಮ ಮುಖ ನೋಡಿ ಆದಷ್ಟು ಸಂತೋಷ ನನಗೆ ಮದುವೆಯ ದಿನವೂ ಆಗಿರಲಿಲ್ಲ.

ಜನ ಬರುವುದಿಲ್ಲ ಎಂಬ ಚಿಂತೆ ಬಿಡಿ. ಬಿಡುಗಡೆಗೆ ನಾನಂತೂ ಬಂದೇ ಬರುತ್ತೇನೆ, ಮುಂದಿನ ಸಾಲಿನಲ್ಲೇ ಕೂರುತ್ತೇನೆ. ಕೊನೆಗೆ ಪ್ರಶ್ನೆ ಕೇಳಲು ಅವಕಾಶ ಇರುತ್ತದಲ್ಲ.

ಇಂತಿ,
ನಿಮ್ಮ ಪಾಳೆಯದ ಹೊರಗಿನವಳು,
ಧಾರಿಣಿ

ತಾ.ಕ.: ನಿನ್ನೆ ಅತ್ತೆಯೊಂದಿಗೂ ಜಗಳ ತೀರಿಸಿಕೊಳ್ಳೋಣವೆಂದು ಕರೋಲ್ ಬಾಗಿಗೆ ಹೋಗಿದ್ದೆ. ಬೇರೆ ಒಲೆ ಇಡಿಸಲು ಅವರು ಯಾವತ್ತೂ ಹೇಳಿರಲಿಲ್ಲವಂತೆ. ಸೊಸೆಗೆ ನಿನ್ನ ಕೈಯಡುಗೆ ಕಂಡರೆ ಅಸಹ್ಯ, ಅವಳಿಗೆ ತನ್ನದೇ ಒಲೆ ಬೇಕಂತೆ ಎಂದು ಅವರಿಗೆ ಹೇಳಿದವರು ನೀವಂತೆ. ಅಷ್ಟು ವರ್ಷ ಅವರು ನನ್ನೊಂದಿಗೆ ಮಾತು ಬಿಟ್ಟಿದ್ದು ಅದಕ್ಕೆ. ನಿನ್ನೆ ಇಬ್ಬರೂ ಜೊತೆಗೆ ಕೂತು ಉಂಡೆವು. ಬಿಡುಗಡೆಗೆ ಅವರೂ ಬರುತ್ತಾರೆ. ಪ್ರಶ್ನೆ ನಾನು ಕೇಳುವುದು ಬೇಡವಂತೆ, ಅವರೇ ಕೇಳುತ್ತಾರಂತೆ.