ಸಾತೇರಿಗೆ ನಾನು ಬರೆದ ಮನೆಚೀಟಿ

ದಾವಣಗೆರೆ, ಫೆಬ್ರವರಿ ೩೧, ೨೩೧೪

ಹಿಂದಿನ ಕಾಲದ ಬಾಸ್ಕೆಟ್‌ಬಾಲ್ ತಂಡಗಳ ಮ್ಯಾನೇಜರುಗಳಿಗೆ ಆಟಗಾರ್ತಿ ನೀಲಾಂಬಿಕೆಯ ನಮಸ್ಕಾರ.

ತಾರೀಖು ನೋಡಿ ನಗಬೇಡಿ. ನಮ್ಮಲ್ಲಿ ಫೆಬ್ರವರಿಗೂ ಮೂವತ್ತೊಂದು ದಿನ ಬಂದು ಬಹಳ ಕಾಲವಾಯಿತು. ನನ್ನ ಕೆಲವು ಮಾತುಗಳು ವಿಚಿತ್ರವಾಗಿ ಕಂಡರೆ ಕ್ಷಮಿಸಿ. ಒಪ್ಪಂದ ಮುಗಿದು, ಯಾವ ತಂಡಕ್ಕೆ ಬೇಕಾದರೂ ಹೋಗಬಲ್ಲ ಆಟಗಾರ್ತಿಯನ್ನು ನಾವು ಬಿಡುಗಾತಿ ಎನ್ನುತ್ತೇವೆ.

ನಿಮ್ಮ ಕಾಲದಲ್ಲಿ ಹೆಸರಾಂತ ಬಿಡುಗಾತಿಯನ್ನು ಸೇರಿಸಿಕೊಳ್ಳುವ ಮುನ್ನ ದೊಡ್ಡ ಹೋಟೆಲಿನಲ್ಲಿ ಇಳಿಸಿ, ಡಾಕ್ಟರಿಂದ ತಪಾಸಣೆ ಮಾಡಿಸುತ್ತಿದ್ದರಂತೆ. ನಿಮ್ಮ ಆಟಗಾರ್ತಿಯರ ಮೇಲೆ ನನಗೆ ಹೊಟ್ಟೆಕಿಚ್ಚು. ತಮ್ಮ ಜಾಗಕ್ಕೆ ಬರುವವಳಿಗೆ ಅವರು ಅಡುಗೆ ಮಾಡಿ ಬಡಿಸಬೇಕಾಗಿರಲಿಲ್ಲ. ನಮ್ಮಲ್ಲಿ ದೇಹ ಪರೀಕ್ಷಿಸಿ ಕೆಲಸ ಕೊಡುವುದು ಕಾನೂನಿಗೆ ವಿರುದ್ಧ. ಹಾಗಾಗಿ ಬಿಡುಗಾತಿ ಎಂಟು ದಿನ, ತಂಡದಲ್ಲಿ ಅದೇ ಜಾಗದಲ್ಲಿ ಆಡುವ ಹಿರಿಯಳ ಮನೆಯಲ್ಲಿ ಇರಬೇಕು. ಇದಕ್ಕೆ ಒಡನೂಟ ಎಂದು ಹೆಸರು. ಅವಳ ಆಟ, ನಿದ್ದೆ, ನೋವು ಎಲ್ಲವನ್ನೂ ಗಮನಿಸಿ ಆ ಹಿರಿಯಳು ಬರೆದುಕೊಡುವುದೇ ಮನೆಚೀಟಿ. ಅದು ಎಲ್ಲ ತಂಡಗಳಿಗೂ ಹೋಗುತ್ತದೆ. ಜಾಗ ಕಳೆದುಕೊಳ್ಳುವವಳು ಸುಳ್ಳು ಹೊಗಳುವುದಿಲ್ಲ ಎಂಬುದು ಆಡಳಿತದವರ ನಂಬಿಕೆ. ಸುಳ್ಳು ತೆಗಳಬಹುದು ಎಂದು ಆ ಜಾಣರಿಗೆ ಹೊಳೆದೇ ಇಲ್ಲ.

ಕಾರವಾರದ ಸಾತೇರಿ ನನ್ನ ಮನೆಗೆ ಬಂದಾಗ ಅವಳಿಗೆ ಇಪ್ಪತ್ತಮೂರು, ನನಗೆ ಮೂವತ್ತಾರು. ಹನ್ನೆರಡು ವರ್ಷ ನಾನು ಇದೇ ತಂಡಕ್ಕಾಗಿ ಬೆವರು ಸುರಿಸಿದ್ದೆ. ಒಂದು ದಿನವೂ ನನಗೆ ಹೂವು ಕೊಡದ ಮ್ಯಾನೇಜರ್ ಮರುಳಪ್ಪನವರು, ಅವಳಿಗಾಗಿ ಹಾರ ಹಿಡಿದು ಹಾರುಬಂಡಿ ಇಳಿಯುವ ಕಟ್ಟೆಯವರೆಗೆ ಹೋದರು. ಆಮೇಲೆ ನನ್ನ ಬಾಗಿಲಲ್ಲಿ ನಿಂತು, “ನೀಲವ್ವಾ, ಆಕಿ ನಮ್ಮ ಕೈ ತಪ್ಪಬಾರ್ದು ನೋಡು. ದೋಸಿಗೆ ಬೆಣ್ಣಿ ಕಡಿಮಿ ಮಾಡಬ್ಯಾಡ” ಎಂದರು. ನನ್ನ ಗತಿಯೇನು ಎಂಬುದರ ಬಗ್ಗೆ ಒಂದು ಮಾತಿಲ್ಲ.

ಬೆಣ್ಣೆ ಹಾಕಿಯೇ ಹುಯ್ದೆ. ಅವಳು ಆರು ದೋಸೆ ತಿಂದು, ತಟ್ಟೆಯನ್ನು ತಾನೇ ತೊಳೆದಿಟ್ಟಳು. ಅದನ್ನೂ ನನಗೆ ಸಹಿಸಲಾಗಲಿಲ್ಲ. ನನ್ನ ಆಟ ನೋಡಲು ಒಂದು ಸಲವೂ ಬರದ ನಮ್ಮತ್ತೆ, ಅವಳ ಅಭ್ಯಾಸ ನೋಡಲು ಕುರ್ಚಿ ಹೊತ್ತು ಬಂದರು. ದೂರದ ಗೆರೆಯಿಂದ ಅವಳು ಎಸೆದ ಚೆಂಡು ರಿಂಗಿಗೆ ತಾಗದೆ ಒಳಗಿಳಿಯುತ್ತಿತ್ತು. ನೋಡಿ ನೋಡಿ ನನ್ನ ಮೈಯೆಲ್ಲ ಉರಿಯಿತು.

ಎಂಟನೆಯ ದಿನ, “ಅಕ್ಕಾ, ನೀವು ಎಂತ ಬರೆದ್ರೂ ನಂಗೆ ಬೇಜಾರಿಲ್ಲ” ಎಂದು ನಕ್ಕು ಹೊರಟಳು. ನಾನು ಚೀಟಿಯಲ್ಲಿ ಒಂದೇ ಸಾಲು ಬರೆದೆ: ಎಡ ಮೊಣಕಾಲಿನಲ್ಲಿ ಹಳೆಯ ನೋವಿದೆ, ಮುಚ್ಚಿಡುತ್ತಾಳೆ. ಆ ಎಂಟು ದಿನಗಳಲ್ಲಿ ಅವಳು ಕುಂಟಿದ್ದನ್ನು ನಾನು ಒಮ್ಮೆಯೂ ನೋಡಿರಲಿಲ್ಲ. ಮರುಳಪ್ಪನವರು ತಲೆಯ ಮೇಲೆ ಕೈಹೊತ್ತು ಕೂತರು. ಬೇರೆ ತಂಡದವರೂ ಅವಳನ್ನು ಕರೆಯಲಿಲ್ಲ. ಪ್ರಾಮಾಣಿಕಳೆಂದು ನನ್ನನ್ನು ನಾಯಕಿ ಮಾಡಿದರು.

ಇದೆಲ್ಲ ಆಗಿ ಮೂರು ವರ್ಷವಾಯಿತು. ಸಾತೇರಿ ಈಗ ಕಾರವಾರದ ಶಾಲೆಯೊಂದರಲ್ಲಿ ಆಟ ಕಲಿಸುತ್ತಾಳೆ. ಹೋದ ತಿಂಗಳು ಅಲ್ಲಿಗೆ ಹೋಗಿದ್ದಾಗ, ಮಕ್ಕಳು ಅವಳ ಬೆನ್ನುಬಿಡದೆ ಓಡುವುದನ್ನು ಕಂಡೆ. ಇಷ್ಟು ಮಾಡಿದ ಮೇಲೂ ನನಗೆ ಹೊಟ್ಟೆಕಿಚ್ಚೇ ಆಯಿತು.

ನಿಮ್ಮಲ್ಲಿ ಯಾರಾದರೂ ಒಡನೂಟದಂಥ ಪದ್ಧತಿ ತರೋಣವೆಂದರೆ ಅವರ ಬಾಯಿ ಮುಚ್ಚಿಸಿ. ನಾನು ಸುಳ್ಳು ಚೀಟಿ ಬರೆದೆನೆಂದು ಇಲ್ಲಿಯವರಿಗೇ ಹೇಳಬಹುದಿತ್ತು. ಹೇಳಿದರೆ ನಾಳೆಯೇ ಯಾವುದಾದರೂ ತಂಡ ಅವಳನ್ನು ಕರೆಯುತ್ತದೆ. ಅವಳಿಗಿನ್ನೂ ಇಪ್ಪತ್ತಾರೇ ವರ್ಷ. ಅದಕ್ಕೇ ನಿಮಗೆ ಬರೆದೆ.

ಓದಿ ಹರಿದುಹಾಕಿ.

ನೀಲಾಂಬಿಕೆ